ಗಬ್ಬದ ಎಮ್ಮೆಯ ಪಾಲು

ನೀಲಗಂಗವ್ವನಿಗೆ ಹಾಲು ಕಂಡರೆ ಆಗುತ್ತಿರಲಿಲ್ಲ. ಬಾಯಿಗೆ ರುಚಿಸುತ್ತಿರಲಿಲ್ಲ ಎಂದಷ್ಟೇ ಅಲ್ಲ. ಕಾದ ಹಾಲಿನ ಕೆನೆ ತುಟಿಗೆ ತಾಗಿದರೆ ಸಾಕು, ಹೊಟ್ಟೆಯೊಳಗಿದ್ದದ್ದೆಲ್ಲ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಕಣ್ಣುಮುಚ್ಚಿ ನುಂಗಿದಳೋ, ಹೊಟ್ಟೆ ಗುಡುಗುಡು ಎಂದು ಅರ್ಧ ದಿನ ಹಿತ್ತಲಿಗೂ ಮನೆಗೂ ಓಡಾಟ. ಅವಳು ಹುಟ್ಟಿದ್ದು ಹಾನಗಲ್ಲಿನ ಕಡೆ. ಅವಳ ಅವ್ವ ಎರಡು ಸಲ ಕುಡಿಸಿ ನೋಡಿ, ಎರಡು ಸಲವೂ ನೆಲ ಸಾರಿಸಿ, ಆಮೇಲೆ ಆ ಗೊಡವೆಗೇ ಹೋಗಲಿಲ್ಲ. ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಹಿಂಡಿ ತಿಂದುಕೊಂಡೇ ಹುಡುಗಿ ಗಟ್ಟಿಮುಟ್ಟಾಗಿ ಬೆಳೆದಳು. ಅಂಥವಳನ್ನು ಹುಡುಕಿ ಹುಡುಕಿ ಕೊಟ್ಟದ್ದೆಲ್ಲಿಗೆ? ಹನ್ನೊಂದು ಎಮ್ಮೆ ಕಟ್ಟಿದ ಮನೆಗೆ.

ಬನವಾಸಿಯಿಂದ ಎರಡು ಹರದಾರಿ ದೂರ, ವರದಾ ಹೊಳೆಯ ಈಚೆಗಿನ ಹಳ್ಳಿಯಲ್ಲಿ ಅವಳ ಗಂಡ ಅಂದಾನಪ್ಪನ ಮನೆ. ತುಪ್ಪದವರ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ತೋರಿಸದಿದ್ದರೂ ಮೂಗಿದ್ದವರಿಗೆ ದಾರಿ ತಪ್ಪುತ್ತಿರಲಿಲ್ಲ. ದಿನಾ ಕಡೆದು ತೆಗೆದ ಬೆಣ್ಣೆಯನ್ನು ಒಂದೇ ಗಡಿಗೆಯ ನೀರಿನಲ್ಲಿ ಹಾಕುತ್ತಾ ಹೋಗುವುದು, ಶುಕ್ರವಾರ ಒಟ್ಟಿಗೆ ಕಾಯಿಸುವುದು, ಶನಿವಾರ ಇಕ್ಬಾಲನ ಲಾರಿಗೆ ಡಬ್ಬಿ ಏರಿಸಿ ಶಿರಸಿಯ ಪೇಟೆಗೆ ಕಳಿಸುವುದು. ಪೇಟೆಯವರು ಆ ತುಪ್ಪವನ್ನು ಮೂಸಿ ಘಮ ಘಮ ಎನ್ನುತ್ತಿದ್ದರಂತೆ. ಗುರುವಾರದ ದಿನ ಬಂದು ಆ ಗಡಿಗೆಯ ಮುಚ್ಚಳ ತೆಗೆದು ಮೂಸಿದ್ದರೆ ಗೊತ್ತಾಗುತ್ತಿತ್ತು ಘಮದ ಬಣ್ಣ. ಅಡುಗೆಮನೆಯ ಕಂಬ ಮುಟ್ಟಿದರೆ ಕೈಗೆ ಜಿಡ್ಡು, ಹಾಸಿಗೆಯ ಕೌದಿಗೆ ಹುಳಿ ನಾತ, ಗಂಡನ ಎದೆಗೂದಲಿಗೂ ಅದೇ ನಾತ. ಅಂದಾನಪ್ಪ ಉಣ್ಣಲು ಕೂತು, ಮೊಸರನ್ನ ಕಲಸಿ, ಮೊಣಕೈವರೆಗೆ ಇಳಿದದ್ದನ್ನು ನೆಕ್ಕಿ, ಮೀಸೆಗೆ ಹತ್ತಿದ್ದನ್ನು ನಾಲಗೆಯಿಂದಲೇ ಬಳಿದುಕೊಳ್ಳುವಾಗ ನೀಲಗಂಗವ್ವ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾಚಿಕೆ ಎಂದುಕೊಂಡ ಮೂರ್ಖ, ಅದು ಹೇಸಿಗೆ ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಹಾಗೆಂದು ಅವಳಿಗೆ ಹಾಲು ಕುಡಿಯುವ ಕಷ್ಟವೇನೂ ಆಗ ಬರಲಿಲ್ಲ. ಆ ಮನೆಯಲ್ಲಿ ಹೆಂಗಸರು ಹಾಲು ಮುಟ್ಟುವುದು ಕರೆಯುವುದಕ್ಕೆ, ಕಾಯಿಸುವುದಕ್ಕೆ, ಹೆಪ್ಪು ಹಾಕುವುದಕ್ಕೆ. ಗಂಗಾಳಕ್ಕೆ ಬಂದರೆ ಮೊಸರು ಗಂಡಸರಿಗೆ, ನೀರುಮಜ್ಜಿಗೆ ಹೆಂಗಸರಿಗೆ. ಅವಳ ಅತ್ತೆ ಪಾರ್ವತವ್ವ ಹನ್ನೊಂದನೆಯ ವಯಸ್ಸಿಗೆ ಆ ಮನೆಗೆ ಬಂದು, ಎಂಟು ಹೆತ್ತು, ಮೂರು ಉಳಿಸಿಕೊಂಡು, ಮೂವತ್ತೈದಕ್ಕೆಲ್ಲ ಬಾಯಿ ಬೋಳಾಗಿ, ಸೊಂಟ ಬಾಗಿ ನೆಲ ನೋಡಿಕೊಂಡೇ ನಡೆಯುವವಳಾಗಿದ್ದಳು. ಅಷ್ಟು ವರ್ಷ ಆ ಕೈಯಲ್ಲಿ ಹರಿದ ಹಾಲಿಗೆ ಲೆಕ್ಕವಿಲ್ಲ. ಒಂದು ಲೋಟವೂ ಅವಳ ಬಾಯಿಗೆ ಹೋಗಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ನೀಲಗಂಗವ್ವ ಮೊದಲ ಸಲ ಬಸುರಿಯಾದಳು. ಐದು ತಿಂಗಳಿಗೆ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ನಿದ್ದೆಯಲ್ಲಿ ಕಾಲು ಸೆಟೆದು ಕಿರುಚುತ್ತಿದ್ದಳು. ಆರಕ್ಕೆ ಒಂದು ದವಡೆಹಲ್ಲು ರೊಟ್ಟಿಯೊಡನೆ ಕೈಗೆ ಬಂತು. ಏಳಕ್ಕೆ ಕೂಸೇ ಬಂತು. ಒಂದು ಹಗಲು ಉಸಿರಾಡಿ ಹೋಯಿತು. ಬಸುರಿಯ ಕುಬಸದ ಶಾಸ್ತ್ರಕ್ಕೆಂದು ತವರಿನಿಂದ ಬಂದ ಹಸಿರು ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಆಮೇಲೆ ಆರು ತಿಂಗಳು ನೀಲಗಂಗವ್ವ ಗೋಡೆ ಹಿಡಿಯದೆ ಏಳಲಾರದವಳಾದಳು. ಇಪ್ಪತ್ತೊಂದು ವರ್ಷದ ಹೆಂಗಸು, ಅತ್ತೆಯ ಹಾಗೆಯೇ ಸೊಂಟ ಹಿಡಿದುಕೊಂಡು ನಡೆಯತೊಡಗಿದ್ದಳು.

ಊರಿನವರು ಕಾರಣ ಹುಡುಕಲು ದೂರ ಹೋಗಲಿಲ್ಲ. ‘ಹಾಲು ಒಲ್ಲೆ ಅನ್ನೋ ಹೆಂಗಸಿಗೆ ಕೂಸು ಹೆಂಗ ನಿಲ್ಲತೈತಿ?’ ಎಂದರು. ಕೊಟ್ಟವರು ಯಾರು, ಅವಳು ಒಲ್ಲೆ ಎಂದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ಇಂಥ ಮಾತಾಡುವ ಬಾಯಿಗಳಿಗೆ ಹಾಲಲ್ಲ, ಬೇರೆ ಏನನ್ನಾದರೂ ಸುರಿಯಬೇಕು.

ಎರಡು ವರ್ಷ ಕಳೆದು ಅವಳು ಮತ್ತೆ ಬಸುರಿಯಾದಾಗ ಪಾರ್ವತವ್ವ ಗಟ್ಟಿ ಮನಸ್ಸು ಮಾಡಿದಳು. ಮಗನ ಎದುರು ಅವಳು ಎಂದೂ ದನಿ ಎತ್ತಿದವಳಲ್ಲ. ಆ ದಿನ ಎತ್ತಿದಳು.

“ಎಮ್ಮಿ ನಾ ನೋಡಿಕೋತೀನಿ, ಹಾಲು ನಾ ಕರೀತೀನಿ. ಮುಂಜಾನೆ ಒಂದು ತಂಬಿಗಿ, ಸಂಜಿಗೆ ಒಂದು ತಂಬಿಗಿ ಸೊಸಿಗೆ. ಶಿರಸಿಯವರು ಎರಡು ಚಮಚ ತುಪ್ಪ ಕಡಿಮಿ ತಿಂದ್ರ ಸಾಯೂದಿಲ್ಲ.”

ಅಂದಾನಪ್ಪ ಗೊಣಗಿದ, ಆದರೆ ಒಪ್ಪಿದ. ಹೀಗೆ ಆ ಮನೆಯ ಚರಿತ್ರೆಯಲ್ಲೇ ಮೊದಲ ಸಲ ಒಬ್ಬ ಸೊಸೆಗೆ ಹಾಲಿನ ಪಾಲು ಬಂತು. ಬಂದದ್ದು ಯಾರಿಗೆ ನೋಡಿ!

ನೊರೆ ಉಕ್ಕಿದ ತಂಬಿಗೆ ಮೂಗಿನ ಹತ್ತಿರ ಬಂದಾಗಲೇ ನೀಲಗಂಗವ್ವನ ಬಾಯಲ್ಲಿ ಓಕರಿಕೆಯ ನೀರು ತುಂಬಿತು. ಎಮ್ಮೆಯ ಮೈಯ ವಾಸನೆ, ಕೆಚ್ಚಲಿನ ಬಿಸಿ, ಹಾಲಿನ ಮೇಲೆ ತೇಲುತ್ತಿದ್ದ ಒಂದು ಕರಿ ಕೂದಲು.

“ಅತ್ತೀ, ನನಗ ಆಗೂದಿಲ್ರಿ. ಇದೊಂದು ಬ್ಯಾಡ್ರಿ.”

“ಆಗೂದಿಲ್ಲ ಅಂದ್ರ? ಕಣ್ಣು ಮುಚ್ಚಿ ಕುಡಿ. ಹೋದ ಸಲ ಏನಾತು ನೆನಪೈತಿಲ್ಲ?”

ನೆನಪಿಲ್ಲದೆ ಏನು? ನೆನಪಿದ್ದದ್ದಕ್ಕೇ ಮೂರು ದಿನ ಕುಡಿದಳು. ಮೂರು ದಿನವೂ ಕಕ್ಕಿದಳು. ನಾಲ್ಕನೆಯ ದಿನ ಅತ್ತೆ ಆಚೆ ತಿರುಗಿದಾಗ ತಂಬಿಗೆಯನ್ನು ಬಚ್ಚಲಿನ ಹಿಂದೆ ಚೆಂಡುಹೂವಿನ ಗಿಡಕ್ಕೆ ಸುರಿದಳು. ಆಮೇಲೆ ಅದೇ ರೂಢಿಯಾಯಿತು. ಪಾರ್ವತವ್ವ ಊರ ತುಂಬ ಹೇಳಿಕೊಂಡು ಬಂದಳು, ಸೊಸೆಗೆ ಹಾಲು ಒಗ್ಗಿತು, ಮುಖಕ್ಕೆ ಕಳೆ ಬಂತು ಎಂದು. ಕಳೆ ಬಂದದ್ದು ಚೆಂಡುಹೂವಿಗೂ ಅಲ್ಲ, ಇರುವೆಗೆ. ಹದಿನೈದು ದಿನಕ್ಕೆ ಬಚ್ಚಲ ಹಿಂದೆ ಹುಳ ಬಿದ್ದ ಹುಳಿ ನಾತ ಎದ್ದಿತು. ಆ ಮನೆಯ ನಾತದಲ್ಲಿ ಇನ್ನೊಂದು ನಾತ ಗೊತ್ತಾಗಲಾರದು ಎಂದುಕೊಂಡದ್ದು ನೀಲಗಂಗವ್ವನ ತಪ್ಪು. ನಲವತ್ತು ವರ್ಷ ಹಾಲಿನಲ್ಲಿ ಕೈಯಿಟ್ಟವಳ ಮೂಗು ಅದು. ಪಾರ್ವತವ್ವ ಗಿಡದ ಬುಡಕ್ಕೆ ಬಗ್ಗಿ, ಮಣ್ಣು ತೆಗೆದು ಮೂಸಿದಳು. ಬೈಯಲಿಲ್ಲ. ಸುಮ್ಮನೆ ಒಳಗೆ ಬಂದು ಮತ್ತೊಂದು ತಂಬಿಗೆ ಹಾಲು ತಂದು, ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಿಂದ ಅವಳ ಮೂಗು ಹಿಡಿದು ಇನ್ನೊಂದರಿಂದ ಹೊಯ್ದಳು.

ಅದೆಲ್ಲವೂ ಒಂದು ಉಸಿರಿಗೆ ಅತ್ತೆಯ ಪಾದದ ಮೇಲೆ ಬಂತು. ಮೊಸರಾಗದ, ಹಾಲೂ ಅಲ್ಲದ ಬಿಳಿ ಗಡ್ಡೆಗಳು ಅತ್ತೆಯ ಕಾಲ್ಬೆರಳ ಸಂದಿಯಲ್ಲಿ ನಿಂತವು. ಅದನ್ನು ನೋಡಿ ನೀಲಗಂಗವ್ವನಿಗೆ ಮತ್ತೊಮ್ಮೆ ಬಂತು. ಪಾರ್ವತವ್ವ ಕಾಲು ತೊಳೆದುಕೊಂಡು ಬಂದು, “ಸಂಜಿಗೆ ಮತ್ತ ತರ್ತೀನಿ,” ಎಂದಳು. ಪ್ರೀತಿಯೂ ಇಷ್ಟು ಹೇಸಿಗೆಯಾಗಬಲ್ಲದು ಎಂದು ಆ ಮನೆಗೆ ಬರುವವರೆಗೆ ನೀಲಗಂಗವ್ವನಿಗೆ ಗೊತ್ತಿರಲಿಲ್ಲ.

ಐದನೆಯ ತಿಂಗಳಿಗೆ ಮತ್ತೆ ಮೀನಖಂಡ ಹಿಡಿಯಿತು. ಎಡಗಡೆಯ ದವಡೆಹಲ್ಲು ನಾಲಗೆ ತಾಗಿಸಿದರೆ ಅಲ್ಲಾಡುತ್ತಿತ್ತು. ಅದೇ ದಾರಿ, ಅದೇ ಗುರುತು. ಮುಂದೆ ಏನು ಬರುತ್ತದೆ ಎಂದು ಅವಳಿಗೆ ತಿಳಿದಿತ್ತು. ಮತ್ತೊಂದು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಡುವ ಶಕ್ತಿ ತನಗಿಲ್ಲ ಎಂದೂ ತಿಳಿದಿತ್ತು.

ಆ ದಿನಗಳಲ್ಲೇ ಶಿರಸಿಯಿಂದ ಬಳೆಯ ಜೊಹರಾ ಬಂದದ್ದು. ಗಾಡಿ ಹೊಡೆಯುವ ಶಫಿಯ ಹೆಂಡತಿ, ಬಸ್ಸಿಳಿದು ಬಳೆಯ ಮಲಾರ ಹೊತ್ತು ಹಳ್ಳಿಹಳ್ಳಿ ತಿರುಗುವವಳು. ಆ ಸೀಮೆಯ ಹೆಂಗಸರ ಮುಂಗೈಗಳನ್ನು ಅವಳಷ್ಟು ಬಲ್ಲವರಿಲ್ಲ. ನೀಲಗಂಗವ್ವನ ಕೈ ಹಿಡಿದು ಒತ್ತಿ, ಹಸಿರು ಬಳೆ ಏರಿಸಲು ಹೋದವಳು ನಿಂತಳು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಬಿಳಿ.

“ಇದೇನು ಬೇಟೀ, ಗೋಡಿ ತಿಂತೀ?” ಎಂದಳು ಮೆಲ್ಲಗೆ.

ನೀಲಗಂಗವ್ವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಭತ್ತದ ಕಣಜದ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ, ಗೋಡೆಯ ಸುಣ್ಣವನ್ನು ಕೆರೆದು ಕೆರೆದು ತಿಂದಿದ್ದಳು. ಅಂಗೈಯಗಲ ಮಣ್ಣು ಕಾಣುತ್ತಿತ್ತು. ಮೊದಮೊದಲು ನಾಲಗೆ ತುದಿಗೆ ಇಷ್ಟು. ಆಮೇಲೆ ಚಮಚದ ಹಿಡಿಯಿಂದ ಕೀಳುವಷ್ಟು. ಜೇಡದ ಬಲೆ, ಹಲ್ಲಿಯ ಹಿಕ್ಕೆ ಯಾವುದೂ ಅಡ್ಡ ಬಂದಿರಲಿಲ್ಲ. ಹಾಲಿಗೆ ಹೇಸುವವಳು ಹಲ್ಲಿ ಓಡಾಡಿದ ಗೋಡೆ ನೆಕ್ಕುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅವಳಿಗೆ ಅಸಹ್ಯವಾಗುತ್ತಿತ್ತು. ಮರುದಿನ ಮತ್ತೆ ಅಲ್ಲೇ ಹೋಗಿ ನಿಲ್ಲುತ್ತಿದ್ದಳು.

“ನಾಚಬ್ಯಾಡ,” ಎಂದಳು ಜೊಹರಾ. “ಹತ್ತು ಬಸುರಿಯರಾಗ ನಾಕು ಮಂದಿ ತಿಂತಾರ. ಹೊಟ್ಟಿಯಾಗಿನ ಕೂಸಿಗೆ ಎಲುಬು ಕಟ್ಟಾಕ ಸುಣ್ಣ ಬೇಕು. ನೀ ಕೊಡಲಿಲ್ಲಂದ್ರ ಅದು ನಿನ್ನ ಹಲ್ಲಾಗಿಂದ, ಸೊಂಟದಾಗಿಂದ ಕಿತ್ತು ತಗೋತೈತಿ. ಆದರ ಗೋಡಿ ತಿಂದ್ರ ಹೊಟ್ಟಿ ಕೆಡತೈತಿ, ಬಿಡು ಅದನ್ನ.”

“ಹಾಲು ನನಗ ನಿಲ್ಲೂದಿಲ್ಲ, ಜೊಹರವ್ವಾ.”

“ಹಾಲು ಯಾರ ಮನ್ಯಾಗೈತಿ? ನಮ್ಮ ಮನ್ಯಾಗ ಆಡೂ ಇಲ್ಲ. ನಾ ಐದು ಹಡದೀನಿ, ಹಲ್ಲು ನೋಡು,” ಎಂದು ಜೊಹರಾ ಎಲೆಯಡಿಕೆಯಿಂದ ಕೆಂಪಾದ ಎರಡು ಸಾಲು ತೋರಿಸಿದಳು. “ರಾಗಿ ಅಂಬಲಿ, ಎಳ್ಳು, ಹುರುಳಿ, ನುಗ್ಗಿ ಸೊಪ್ಪು. ಅಘನಾಶಿನಿ ಕಡೆಯಿಂದ ಒಣಮೀನ ಬಂದ್ರ ಎಲುಬು ಸಮೇತ ಕಟಕಟ—”

ನೀಲಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

“ಆಯ್ತು, ಆಯ್ತು, ಮೀನ ನಮಗಿರಲಿ,” ಎಂದು ಜೊಹರಾ ನಕ್ಕಳು. “ಉಳಿದದ್ದು ನಿನಗ.”

ಸೊಸೆ ಬಂದು ಆ ಉಳಿದದ್ದನ್ನು ಕೇಳಿದ್ದಕ್ಕೆ ಪಾರ್ವತವ್ವ ಎದೆ ಹಿಡಿದುಕೊಂಡಳು. ಎಳ್ಳೇ? ಉಷ್ಣ, ಬಸುರು ಇಳಿದುಹೋಗುತ್ತದೆ. ನುಗ್ಗೆ? ಅದಕ್ಕಿಂತ ಉಷ್ಣ. ಹುರುಳಿಯ ಹೆಸರೇ ಎತ್ತಬಾರದು. ರಾಗಿ? ಅದು ಆಳುಮಕ್ಕಳ ಉಣಿಸು, ತುಪ್ಪದವರ ಮನೆಯ ಸೊಸೆ ಅಂಬಲಿ ಕುಡಿದಳೆಂದು ಪೇಟೆಯವರೆಗೆ ಹೋದರೆ ಮಾನ ಉಳಿಯುತ್ತದೆಯೇ? ಹಾಲೊಂದೇ ತಂಪು, ಹಾಲೊಂದೇ ಶುದ್ಧ, ಹಾಲೊಂದೇ ಮರ್ಯಾದೆ. ಅಂದಾನಪ್ಪ ಹಲ್ಲುಕಡ್ಡಿ ಆಡಿಸುತ್ತಾ, “ಬಳಿಗಾರ್ತಿ ಮಾತು ಕೇಳಿ ಮನಿ ನಡಸೂದಿಲ್ಲ ನಾವು,” ಎಂದ. ಬಸುರಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಇದಾಗಿ ವಾರದ ಮೇಲೆ ಒಂದು ಮುಂಜಾನೆ ನೀಲಗಂಗವ್ವ ಕಸದ ಬುಟ್ಟಿ ಹಿಡಿದು ಕೊಟ್ಟಿಗೆಗೆ ಹೋದಳು. ಆಳು ಕೆರಿಯಪ್ಪ ಮೂಲೆಯ ಎಮ್ಮೆಯ ಮುಂದೆ ಬಾನಿ ಇಟ್ಟು ಕಲಸುತ್ತಿದ್ದ. ಆ ಎಮ್ಮೆಗೂ ಗಬ್ಬ, ಎಂಟನೆಯ ತಿಂಗಳು. ಬಾನಿಯಲ್ಲಿ ಬೇಯಿಸಿದ ಹುರುಳಿ, ಅದರ ಮೇಲೆ ಪುಡಿ ಮಾಡಿದ ಎಳ್ಳಿನ ಹಿಂಡಿ, ಅದರ ಮೇಲೆ ರಾಗಿ ಗಂಜಿ. ಪಕ್ಕದಲ್ಲಿ ಹೊರೆಯಷ್ಟು ನುಗ್ಗೆಯ ಟೊಂಗೆ.

“ಇದಕ್ಕ ಇಷ್ಟೆಲ್ಲ ಯಾಕೋ ಕೆರಿಯಪ್ಪಾ?”

“ಗಬ್ಬದ ಎಮ್ಮಿ ಅಲ್ರಿ ಅವ್ವಾರ? ಇದನ್ನ ಹಾಕಲಿಲ್ಲಂದ್ರ ಈದ ಮ್ಯಾಲೆ ನೆಲ ಹಿಡಿತೈತ್ರಿ. ಎಬ್ಬಿಸಿದರೂ ಏಳೂದಿಲ್ಲ. ದೊಡ್ಡವ್ವಾರ ಹೇಳಿಕೊಟ್ಟದ್ದರಿ ಇದು.”

ದೊಡ್ಡವ್ವ ಎಂದರೆ ಪಾರ್ವತವ್ವ.

ನೀಲಗಂಗವ್ವ ಬುಟ್ಟಿ ಕೆಳಗಿಟ್ಟಳು. ಎಮ್ಮೆ ಮೂತಿ ಮುಳುಗಿಸಿ, ಜೊಲ್ಲು ಸುರಿಸಿಕೊಂಡು, ಚಪ್ಪರಿಸಿಕೊಂಡು ತಿನ್ನುತ್ತಿತ್ತು. ಅದರ ಗಬ್ಬ ಇಳಿದಿರಲಿಲ್ಲ. ಅದರ ಹಲ್ಲು ಉದುರಿರಲಿಲ್ಲ. ಅದರ ಕಾಲು ನಾಲ್ಕೂ ಕಂಬದ ಹಾಗೆ ನಿಂತಿದ್ದವು. ತನ್ನ ಅತ್ತೆಗೆ, ಗಂಡನಿಗೆ, ಊರಿಗೆ ಎಮ್ಮೆಯ ಹೊಟ್ಟೆಯ ಬಗ್ಗೆ ಎಷ್ಟು ತಿಳಿದಿತ್ತು! ಹೆಂಗಸಿನ ಹೊಟ್ಟೆಯ ಬಗ್ಗೆ ಅದರ ಕಾಲುಭಾಗವೂ ಇಲ್ಲ. ಆ ಕ್ಷಣ ಅವಳಿಗೆ ಹುಟ್ಟಿದ ಹೇಸಿಗೆಯ ಮುಂದೆ ಹಾಲಿನ ಹೇಸಿಗೆ ಏನೂ ಅಲ್ಲ. ಕೆರಿಯಪ್ಪ ನೀರಿಗೆಂದು ಹೊರಗೆ ಹೋದಾಗ ಅವಳು ಬಗ್ಗಿ ಬಾನಿಗೆ ಕೈ ಹಾಕಿ, ಎಮ್ಮೆಯ ಜೊಲ್ಲು ತಾಗದ ಅಂಚಿನಿಂದ ಒಂದು ಹಿಡಿ ಬಾಚಿ ಬಾಯಿಗೆ ತುಂಬಿಕೊಂಡಳು. ಉಪ್ಪಿಲ್ಲ, ಖಾರವಿಲ್ಲ, ಹೊಟ್ಟು ಗಂಟಲಿಗೆ ಸಿಕ್ಕಿಕೊಂಡಿತು. ಆದರೂ ಹೊಟ್ಟೆ ಒಮ್ಮೆಯೂ ತಿರುಗಿಬೀಳಲಿಲ್ಲ. ಆಮೇಲೆ ದಿನಾ ಒಂದು ಹಿಡಿ. ಕದ್ದು ತಿಂದದ್ದು ಎಷ್ಟಕ್ಕೆ ಸಾಲುತ್ತದೆ? ಮೀನಖಂಡ ಹಿಡಿಯುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಏಳನೆಯ ತಿಂಗಳಿಗೆ ಕುಬಸ. ಈ ಸಲ ಆ ಹಸಿರು ಸೀರೆ ಪೆಟ್ಟಿಗೆಯಿಂದ ಹೊರಗೆ ಬಂತು. ತವರಿನವರು ಬುತ್ತಿ ಹೊತ್ತು ಬಂದರು. ಪಡಸಾಲೆಯಲ್ಲಿ ಮಠದ ಸಂಗಯ್ಯನವರು ವಿಭೂತಿ ಹಚ್ಚಿಕೊಂಡು ಕೂತರು. ಒಳಗೆ ಮುತ್ತೈದೆಯರು ತುಂಬಿದರು, ಹೊಸ್ತಿಲಾಚೆ ಜೊಹರಾ ಬಳೆಯ ಮಲಾರ ಬಿಚ್ಚಿಕೊಂಡು ಕೂತಳು. ಉಡಿ ತುಂಬಿದ ಮೇಲೆ ಅತ್ತೆಯಾದವಳು ಬಸುರಿಯ ಬಯಕೆ ಏನೆಂದು ಎಲ್ಲರೆದುರು ಕೇಳುವುದು ಆ ಮನೆಯ ಪದ್ಧತಿ. ಕೇಳಿದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಎಲ್ಲರಿಗೂ ಭಯ. ಸೊಸೆಯರೂ ಬುದ್ಧಿವಂತರು, ಹೋಳಿಗೆ, ಕರಿಗಡುಬು ಎಂದು ಆಗಲೇ ಮಾಡಿಟ್ಟದ್ದನ್ನೇ ಕೇಳಿ ಮುಗಿಸುತ್ತಿದ್ದರು.

“ಬಯಕಿ ಏನವ್ವಾ ನೀಲಗಂಗಾ?” ಎಂದಳು ಪಾರ್ವತವ್ವ. ಅವಳ ಕೈಯಲ್ಲಿ ಬೆಳ್ಳಿಯ ಬಟ್ಟಲಿತ್ತು, ಅದರಲ್ಲಿ ಕೇಸರಿ ಹಾಕಿದ ಹಾಲು.

ಬಟ್ಟಲಿನ ಹಬೆ ಮುಖಕ್ಕೆ ಬಡಿಯಿತು. ನೀಲಗಂಗವ್ವ ಮುಖ ಸರಿಸಿ, ಪಡಸಾಲೆಗೂ ಕೇಳುವಂತೆ ಹೇಳಿದಳು.

“ಕೊಟ್ಟಿಗ್ಯಾಗಿನ ಗಬ್ಬದ ಎಮ್ಮಿಗೆ ಏನು ಹಾಕ್ತೀರಿ, ನನಗ ಅದು ಬೇಕ್ರಿ ಅತ್ತಿ. ಹೆರೂ ತನಕ, ದಿನಾ.”

ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಯಾರೂ ನಗಲಿಲ್ಲ. ತವರಿನ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಂದಾನಪ್ಪ ಪಡಸಾಲೆಯಿಂದ ಎದ್ದು ಬಂದು, “ಬೀಗರ ಮುಂದ ಮಾನ ಕಳದಿ, ಹಲ್ಕಟ್,” ಎಂದು ಒದರಿದ.

“ಮಾನ ಹೆಂಗ ಹೋಗತೈತ್ರಿ?” ಎಂದಳು ನೀಲಗಂಗವ್ವ. “ಎಳ್ಳು ತಿಂದ್ರ ನನ್ನ ಬಸುರು ಇಳಿತೈತಿ, ಎಮ್ಮಿದು ಇಳಿಯೂದಿಲ್ಲ. ರಾಗಿ ಉಂಡ್ರ ನನ್ನ ಮಾನ ಹೋಗತೈತಿ, ಎಮ್ಮಿದು ಹೋಗೂದಿಲ್ಲ. ನನ್ನೂ ಒಂದು ಎಮ್ಮಿ ಅಂತನಾರ ತಿಳಕೋರಿ. ಈದ ಮ್ಯಾಲೆ ನಾನೂ ಎದ್ದು ನಿಲ್ಲಬೇಕು.”

ಸಂಗಯ್ಯನವರು ಕೂತಲ್ಲಿಂದಲೇ, “ಬಯಕಿ ಕೇಳಿದ್ದಾತು. ಕೊಡೂದು ಮನಿಯವರ ಧರ್ಮ,” ಎಂದರು. ಅವರಿಗೆ ಊಟಕ್ಕೆ ತಡವಾಗುತ್ತಿತ್ತು.

ಎಲ್ಲರೂ ಪಾರ್ವತವ್ವನನ್ನು ನೋಡಿದರು. ಅವಳು ಹಾಲಿನ ಬಟ್ಟಲನ್ನು ಕೆಳಗಿಟ್ಟು, ಬಾಗಿದ ಸೊಂಟದಲ್ಲೇ ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಸಿಟ್ಟಾಗಿ ಹೋದಳೆಂದೇ ಎಲ್ಲರೂ ತಿಳಿದರು. ಬಂದಾಗ ಅವಳ ಕೈಯಲ್ಲಿ ಹಿತ್ತಾಳೆಯ ತಾಟು. ಎಮ್ಮೆಗೆಂದು ಬೇಯಿಸಿದ ಹುರುಳಿಯನ್ನು ಹಂಡೆಯ ಮೇಲಿನಿಂದ ತೆಗೆದು, ಒಂದು ತುಂಡು ಎಳ್ಳಿಂಡಿ ಪುಡಿ ಮಾಡಿ, ಉಪ್ಪು ಬೆಲ್ಲ ಉದುರಿಸಿ ತಂದಿದ್ದಳು. ಸೊಸೆಯ ಎದುರು ಕೂತು, ಮೊದಲು ಒಂದು ಚಿಟಿಕೆ ತನ್ನ ಬೋಳು ಬಾಯಿಗೆ ಹಾಕಿ ಒಸಡಿನಲ್ಲಿ ಅರೆದಳು. ಬಹಳ ಹೊತ್ತು ಅರೆದಳು.

“ನನ್ನ ಮೂರನೇ ಬಸುರಿನಾಗ ನಾನೂ ಬಾನ್ಯಾಗಿಂದ ಕದ್ದು ತಿಂದಿದ್ದೆ,” ಎಂದಳು, ಸೊಸೆಗೆ ಮಾತ್ರ ಕೇಳುವಷ್ಟು ಸಣ್ಣಗೆ. “ನಮ್ಮತ್ತಿ ಕಂಡು, ಬಾಯಾಗ ಬೆರಳು ಹಾಕಿ ಕೆದರಿ ತೆಗದಿದ್ದಳು. ಎಮ್ಮಿ ಪಾಲು ತಿಂದಿ ಅಂತ. ಹಾಲರೆ ಕೊಟ್ಟಿದ್ದಳೇನು? ಅದೂ ಇಲ್ಲ. ಅದಕ್ಕ ನಿನಗ ಹಾಲು ಹೊಯ್ದೆ. ನಿನಗ ಏನು ಬೇಕು ಅಂತ ಕೇಳಲಿಲ್ಲ.”

ನೀಲಗಂಗವ್ವನ ಬಾಯೊಳಗೆ ಯಾರದೋ ಜಿಡ್ಡು ಬೆರಳು ಆಡಿದ ಹಾಗಾಯಿತು. ಕಂಡೇ ಇರದ ಆ ಸತ್ತ ಮುದುಕಿಯ ಮೇಲೆ, ಅವಳ ಗಡಿಗೆಗಳ ಮೇಲೆ, ಆ ಮನೆಯ ಹೆಸರಿನ ಮೇಲೆ ಅವಳಿಗೆ ಎಂಥ ಅಸಹ್ಯ ಬಂತೆಂದರೆ ಕಣ್ಣಿಗೆ ನೀರೇ ಬಂತು. ಅತ್ತೆ ಚಾಚಿದ ತುತ್ತಿಗೆ ಬಾಯಿ ತೆರೆದಳು.

ಆಮೇಲೆ ಆ ಅಡುಗೆಮನೆಯಲ್ಲಿ ದಿನಾ ಮುಂಜಾನೆ ರಾಗಿ ಅಂಬಲಿ ಕುದಿಯಿತು. ಮಧ್ಯಾಹ್ನ ನುಗ್ಗೆ ಸೊಪ್ಪಿನ ಪಲ್ಯ, ಸಂಜೆಗೆ ಎಳ್ಳಿನ ಉಂಡೆ. ಪಾರ್ವತವ್ವ ರಾಗಿಯ ವಾಸನೆಗೆ ಮೂಗು ಮುರಿಯುತ್ತಲೇ ತಿರುವುತ್ತಿದ್ದಳು. ಅಂದಾನಪ್ಪ ಎರಡು ವಾರ ಹೆಂಡತಿಯೊಡನೆ ಮಾತು ಬಿಟ್ಟ. ಅದರಿಂದ ಅವಳಿಗೆ ನಷ್ಟವೇನೂ ಆಗಲಿಲ್ಲ. ಹೆರಿಗೆಗೆ ತವರಿಗೆ ಕರೆದೊಯ್ಯುವ ಮಾತಿತ್ತು, ಗಾಡಿಯಲ್ಲಿ ಕುಲುಕಿಸುವುದು ಬೇಡವೆಂದು ಸೂಲಗಿತ್ತಿ ತಡೆದಳು. ಒಂಬತ್ತು ತುಂಬಿ ಹೆಣ್ಣು ಹುಟ್ಟಿತು. ಅರಚಿದ ದನಿಗೆ ಕೊಟ್ಟಿಗೆಯ ಎಮ್ಮೆಗಳು ಕಿವಿ ನಿಗುರಿಸಿದವಂತೆ. ಅಲ್ಲಾಡುತ್ತಿದ್ದ ಹಲ್ಲು ಉದುರಿತು, ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಉಳಿದವೆಲ್ಲ ಅವಳ ಅರವತ್ತನೆಯ ವಯಸ್ಸಿಗೂ ಇದ್ದವು.

ಹೆತ್ತ ಐದನೆಯ ದಿನ ನೀಲಗಂಗವ್ವ ಗೋಡೆ ಹಿಡಿಯದೆ ಎದ್ದು ಕೂತಿದ್ದಳು. ಪಾರ್ವತವ್ವ ಬಾಣಂತಿಯ ಕೋಣೆಗೆ ಬಿಸಿ ಹಾಲಿನ ಲೋಟ ಹಿಡಿದು ಬಂದಳು. ನಲವತ್ತು ವರ್ಷದ ನಂಬಿಕೆ ಎಲ್ಲಿ ಹೋಗುತ್ತದೆ? ಹೊಸ್ತಿಲಲ್ಲಿ ಅವಳು ತಾನಾಗಿಯೇ ನಿಂತಳು.

“ಬೇಕೋ, ಬ್ಯಾಡೋ?” ಎಂದು ಕೇಳಿದಳು.

“ಬ್ಯಾಡ್ರಿ ಅತ್ತಿ.”

ಪಾರ್ವತವ್ವ ಲೋಟ ಹಿಡಿದು ನಿಂತೇ ಇದ್ದಳು. ಅದನ್ನು ಮತ್ತೆ ಗಡಿಗೆಗೆ ಹೊಯ್ಯಬೇಕು, ಹೆಪ್ಪಾಗಬೇಕು, ಬೆಣ್ಣೆಯಾಗಬೇಕು, ಶನಿವಾರದ ಲಾರಿ ಹತ್ತಬೇಕು. ಒಮ್ಮೆ ಪಡಸಾಲೆಯ ಕಡೆ ತಿರುಗಿ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು, ತಾನೇ ಕುಡಿಯತೊಡಗಿದಳು. ಕೆನೆ ಮೇಲ್ದುಟಿಗೆ ಅಂಟಿತು. ಕಾದ ಹಾಲಿನ ನಾತಕ್ಕೆ ನೀಲಗಂಗವ್ವ ಕೂಸಿನ ನೆತ್ತಿಗೆ ಮೂಗು ಒತ್ತಿಕೊಂಡಳು, ಆದರೆ ಮುಖ ತಿರುಗಿಸಲಿಲ್ಲ. ಲೋಟ ಬರಿದಾಗುವವರೆಗೆ ನೋಡಿದಳು.

ಪಾರ್ವತವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಲೋಟದ ತಳವನ್ನು ನೋಡಿದಳು.

“ಸಕ್ಕರಿ ಹಾಕಿರಲಿಲ್ಲ ನಾ ಇದಕ್ಕ, ಆದರೂ ಸಿಹಿ ಐತಿ,” ಎಂದಳು. ಲೋಟ ತೊಳೆಯಲು ಎದ್ದು ಹೋದಳು.